ಮೇಷ್ಟ್ರ ಜೇಬಿನ ಹುಣಸೆಬೀಜ

ನಮ್ಮ ಚರಿತ್ರೆ ಮೇಷ್ಟ್ರ ಕರಿ ಕೋಟಿನ ಎಡಜೇಬು ಬಲಜೇಬಿಗಿಂತ ನಾಲ್ಕು ಬೆರಳು ಕೆಳಗೆ ಜೋತಿರುತ್ತಿತ್ತು. ಅದರ ತುಂಬ ಹುಣಸೆಬೀಜ. ಅವರು ನಡೆದರೆ ಜೇಬು ಗಲಗಲ ಎನ್ನುತ್ತಿತ್ತು. ಅವರಿನ್ನೂ ಶಾಲೆಯ ಜಗಲಿಯ ಆ ತುದಿಯಲ್ಲಿರುವಾಗಲೇ ನಮಗೆ ಸುದ್ದಿ ಮುಟ್ಟುತ್ತಿತ್ತು. ಬೆಂಚಿನ ಮೇಲೆ ನಿಂತವರು ಇಳಿಯುವುದಕ್ಕೆ, ಗೋಲಿ ಆಡುತ್ತಿದ್ದವರು ಗೋಲಿ ಬಚ್ಚಿಡುವುದಕ್ಕೆ ಅಷ್ಟು ಹೊತ್ತು ಧಾರಾಳವಾಗಿ ಸಾಕು. ಆಳು ಕುಳ್ಳು. ತಲೆಯ ಮೇಲೆ ಕೆಂಪು ತುರ್ಕಿ ಟೋಪಿ, ಅದರ ಕುಚ್ಚು ಅರ್ಧ ಉದುರಿಹೋಗಿತ್ತು. ಅಣ್ಣತಮ್ಮಂದಿರೆಲ್ಲ ಹುಣಸೂರಿನಲ್ಲಿ ಗಾಡಿ ಚಕ್ರ ಮಾಡುವ ಕಸುಬಿನಲ್ಲಿದ್ದರು. ಇವರೊಬ್ಬರೇ ಸೀಮೆಸುಣ್ಣ ಹಿಡಿದವರು. ಊರವರಿಗೆಲ್ಲ ಸಾಬ್ ಮೇಷ್ಟ್ರು, ನಮಗೆ ಬರೀ ಮೇಷ್ಟ್ರು.

ಇದು ಮಹಾರಾಜರ ಕಾಲದ ಮಾತು. ನಾನು ಹುಣಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ಮಾವ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರು. ನಮ್ಮೂರು ಹನಗೋಡಿನ ಪಕ್ಕ, ಲಕ್ಷ್ಮಣತೀರ್ಥದ ದಂಡೆ. ನಮ್ಮೂರಿನಿಂದ ಓದಲು ಹೊರಗೆ ಹೋದ ಮೊದಲ ಹೆಣ್ಣು ನಾನು. ತರಗತಿಯಲ್ಲೂ ಹೆಣ್ಣು ನಾನೊಬ್ಬಳೇ. ಅಪ್ಪನಿಗೆ ನಾನು ಓದಲೆಂದು ಆಸೆ. ಅಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಅದು ಸುತರಾಂ ಇಷ್ಟವಿರಲಿಲ್ಲ. ಮನೆಯಲ್ಲಿ ನಡೆಯುತ್ತಿದ್ದುದು ಅಜ್ಜಿಯ ಮಾತು. "ಎಣ್ಣು ಓದಿ ಯಾವ ದರ್ಬಾರ್ ನಡೆಸ್ಬೇಕು?" ಎನ್ನುತ್ತಲೇ, ಬೇಡ ಎನ್ನಲು ಒಂದು ಸರಿಯಾದ ಕಾರಣಕ್ಕಾಗಿ ಕಾಯುತ್ತಿದ್ದಳು. ಆ ಕಾರಣವನ್ನು ಅವಳ ಕೈಗೆ ತಂದಿತ್ತವರು ಮೇಷ್ಟ್ರೇ.

ನಮಗೆ ಇಂಗ್ಲೆಂಡಿನ ಚರಿತ್ರೆ ಇತ್ತು. ಅದರಲ್ಲಿ ಸಮುದ್ರ ದಾಟಿ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆಯೊಬ್ಬನ ಪಾಠ. ತನ್ನ ಕೈಗೆ ಬಂದ ರಾಜ್ಯದಲ್ಲಿ ಏನೇನಿದೆ ಎಂದು ತಿಳಿಯಲು ಅವನು ಊರೂರಿಗೆ ಅಧಿಕಾರಿಗಳನ್ನು ಕಳಿಸಿ ಮೋಜಣಿ ಮಾಡಿಸಿದನಂತೆ. ಪುಸ್ತಕದಲ್ಲಿ ಅದಕ್ಕೆ ನಾಲ್ಕು ಸಾಲು. ಮೇಷ್ಟ್ರಿಗೆ ಅದು ಒಂದು ವಾರದ ಹಬ್ಬ. ಎಲ್ಲೋ ಒಂದು ಹಳೆಯ ಪುಸ್ತಕದಲ್ಲಿ ಆ ಮೋಜಣಿಯ ಒಂದೇ ಒಂದು ಹಳ್ಳಿಯ ವಿವರ ಅವರಿಗೆ ಸಿಕ್ಕಿತ್ತು. ಅದಷ್ಟೂ ಬಾಯಿಪಾಠ. ಹಳ್ಳಿಯ ಹೆಸರನ್ನು ಮಾತ್ರ ಇವತ್ತು ಹೇಳಿದ ಹಾಗೆ ನಾಳೆ ಹೇಳುತ್ತಿರಲಿಲ್ಲ. "ಹೆಸರು ಇಟ್ಟವರು ಅವರು. ಸರಿಯಾಗಿ ಹೇಳೋ ಕಷ್ಟವೂ ಅವರಿಗೇ ಇರಲಿ" ಎನ್ನುತ್ತಿದ್ದರು. ಮೇಷ್ಟ್ರು ಇಂಗ್ಲೆಂಡ್ ಹಾಗಿರಲಿ, ಮದರಾಸನ್ನೂ ಕಂಡವರಲ್ಲ.

ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಳೆ ಬರೆದು, ಆ ಹಳ್ಳಿಯನ್ನು ಹುಣಸೆಬೀಜದಲ್ಲಿ ಕಟ್ಟುತ್ತಿದ್ದರು. ಇಲ್ಲಿ ಒಕ್ಕಲುಗಳು, ಇಲ್ಲಿ ಪಾದ್ರಿ, ಇಲ್ಲಿ ಗುಲಾಮರು, ಇಲ್ಲಿ ನೀರಿನಿಂದ ತಿರುಗುವ ಬೀಸುವ ಗಿರಣಿ. ಗಿರಣಿಯವನು ದೊರೆಗೆ ಕಂದಾಯವನ್ನು ಹಾವುಮೀನಿನಲ್ಲಿ ಕಟ್ಟುತ್ತಿದ್ದನಂತೆ. ಒಂದು ನೇಗಿಲಿಗೆ ಎಂಟು ಎತ್ತು ಎಂದು ಎಂಟು ಬೀಜ ಸಾಲಾಗಿ ಇಟ್ಟಾಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಮ್ಮ ಮನೆಗಳಲ್ಲಿ ಎರಡೆತ್ತಿನಲ್ಲಿ ಆಗುವ ಕೆಲಸ. "ಅಲ್ಲಿ ಮಣ್ಣು ಅಂಟು ಕಣ್ರೋ, ಎತ್ತೂ ನಿಮ್ಮ ಹಾಗೇ ಸೋಮಾರಿ ಇರಬೇಕು" ಎಂದರು ಮೇಷ್ಟ್ರು. ಅಲ್ಲಿನ ಕಾಡನ್ನು ಅಳೆಯುತ್ತಿದ್ದುದು ಹಂದಿಯ ಲೆಕ್ಕದಲ್ಲಿ, ಇಷ್ಟು ಹಂದಿ ಮೇಯುವಷ್ಟು ಕಾಡು ಅಂತ. ಆ ಪದ ಮೇಷ್ಟ್ರ ಬಾಯಲ್ಲಿ ಬರುತ್ತಿರಲಿಲ್ಲ. "ಐವತ್ತು... ಅವಕ್ಕೆ ಸಾಕಾಗೋ ಅಷ್ಟು ಕಾಡು" ಎನ್ನುತ್ತಿದ್ದರು. "ಯಾವಕ್ಕೆ ಸಾರ್?" ಎಂದು ಹುಡುಗರು ಏನೂ ಅರಿಯದವರ ಹಾಗೆ ಕೇಳುತ್ತಿದ್ದರು. "ನಿಮ್ಮಂಥವಕ್ಕೇ" ಎನ್ನುತ್ತಿದ್ದರು ಮೇಷ್ಟ್ರು, ನಗದೆ. ದೊರೆಯ ಸೈನ್ಯ ಸುಟ್ಟುಹಾಕಿದ ಊರುಗಳ ಮುಂದೆ ಗುಮಾಸ್ತ 'ಹಾಳು' ಎಂದು ಬರೆದು ಮುಂದಿನ ಊರಿಗೆ ಹೋಗಿದ್ದಾನೆ ಎನ್ನುವಾಗ ಅವರ ದನಿ ಇಳಿಯುತ್ತಿತ್ತು. ನಮ್ಮ ಸರ್ಕಾರಿ ದಫ್ತರದಲ್ಲಿ ಅದಕ್ಕೆ ಬೇಚಿರಾಕ್ ಅಂತಾರೆ, ದೀಪ ಇಲ್ಲದ ಊರು ಅಂತ, ಎಂದು ಹೇಳಿ, ಹಳ್ಳಿಯ ಪಕ್ಕದಲ್ಲಿ ಅಂಥದೊಂದು ಊರಿಗೆಂದು ಇಟ್ಟಿದ್ದ ಬೀಜಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದರು.

ಆ ನೆಲದ ಮೇಲಿನ ಹಳ್ಳಿಯನ್ನು ನೋಡುತ್ತಾ ನಾನು ಎದ್ದು ನಿಂತು ಕೇಳಿದೆ: "ಸಾರ್, ಹೆಂಗಸರೆಲ್ಲಿ?"

ಮೇಷ್ಟ್ರು ಬಾಗಿದವರು ಹಾಗೇ ತಲೆಯೆತ್ತಿದರು. "ಗಂಡಸರನ್ನು ಎಣಿಸಿದಾರಲ್ಲ, ಅವರ ಜೊತೆಗೇ ಸೇರಿಸಿಕೊಳ್ಳಮ್ಮ. ಮನೆಯ ಯಜಮಾನ ಒಬ್ಬ ಅಂದ್ರೆ ಎಲ್ಲರೂ ಬಂದ ಹಾಗೆ." ಹುಡುಗರು ನಕ್ಕರು. ನಾನು ಕೂತೆ. ಹಂದಿಗೆ ಲೆಕ್ಕವಿದೆ, ಗುಲಾಮರಿಗೆ ಲೆಕ್ಕವಿದೆ, ನಮ್ಮ ಅಜ್ಜಿಯಂಥವಳಿಗೆ ಆ ಊರಿನಲ್ಲಿ ಒಂದು ಬೀಜ ಇಲ್ಲವೇ ಎಂದು ನನಗೆ ನಿಜಕ್ಕೂ ಬೇಸರವಾಗಿತ್ತು. ಅಜ್ಜಿ ಅಲ್ಲಿದ್ದಿದ್ದರೆ ಆ ಅಧಿಕಾರಿಯ ಗತಿ ಏನಾಗುತ್ತಿತ್ತು ಎಂದು ನೆನೆದು ಸ್ವಲ್ಪ ಸಮಾಧಾನವೂ ಆಯಿತು.

ದೊರೆಯ ಅಧಿಕಾರಿಗಳು ಊರಿನವರಿಂದ ಪ್ರಮಾಣ ಮಾಡಿಸಿ ಕೇಳುತ್ತಿದ್ದ ಪ್ರಶ್ನೆಗಳ ಕೊನೆಗೆ ಮೂರು ಇದ್ದವು: ಹಿಂದಿನ ದೊರೆಯ ಕಾಲದಲ್ಲಿ ಎಷ್ಟಿತ್ತು? ಈಗ ಎಷ್ಟಿದೆ? ಇನ್ನೂ ಹೆಚ್ಚು ಸಿಗಬಹುದೇ? ಈ ಮೂರೂ ಮೇಷ್ಟ್ರಿಗೆ ಗಾದೆಯ ಹಾಗೆ ಆಗಿಹೋಗಿದ್ದವು. ಉತ್ತರಪತ್ರಿಕೆ ಕೊಡುವಾಗ ನಮ್ಮ ಮುಖ ನೋಡಿ, "ಹೋದ ಸಲ ಎಷ್ಟಿತ್ತು? ಈಗ ಎಷ್ಟಿದೆ? ಇನ್ನೂ ಹೆಚ್ಚು ಸಿಗಬಹುದೇ?" ಮದುವೆ ಊಟದಲ್ಲಿ ಪಾಯಸದ ಪಾತ್ರೆ ಮುಂದೆ ಹೋದರೆ ಬಡಿಸುವವನ ಬೆನ್ನಿಗೆ ಮೂರನೆಯ ಪ್ರಶ್ನೆ ಮಾತ್ರ.

ಆ ವಾರದ ಕೊನೆಗೆ ಮೇಷ್ಟ್ರು ನಮ್ಮನ್ನೆಲ್ಲ ದೊರೆಯ ಅಧಿಕಾರಿಗಳನ್ನಾಗಿ ಮಾಡಿ, ನಿಮ್ಮ ನಿಮ್ಮ ಊರಿನ, ಕೇರಿಯ ಮೋಜಣಿ ಮಾಡಿಕೊಂಡು ಬನ್ನಿ ಎಂದು ಕಳಿಸಿದರು. ಮುಂಗಾರಿನ ಆರಂಭ. ನಾನು ಊರಿಗೆ ಹೋದವಳು ಭಾನುವಾರ ಬೆಳಗ್ಗೆ ಜಡೆ ಹೆಣೆಸಿಕೊಂಡು ಮನೆಮನೆಯ ಬಾಗಿಲಲ್ಲಿ ನಿಂತು, ಕಲಿಸಿದ ಹಾಗೆಯೇ ದನಿ ಗಟ್ಟಿ ಮಾಡಿ ಹೇಳಿದೆ: "ದೊರೆಗಳ ಅಪ್ಪಣೆಯಾಗಿದೆ. ನಿಮ್ಮಲ್ಲಿ ನೇಗಿಲೆಷ್ಟು? ಎತ್ತೆಷ್ಟು? ನಿಮ್ಮ ತಾತನ ಕಾಲದಲ್ಲಿ ಎಷ್ಟಿತ್ತು? ಈಗ ಎಷ್ಟಿದೆ? ಇನ್ನೂ ಹೆಚ್ಚು ಸಿಗಬಹುದೇ?"

ಎತ್ತು ನೇಗಿಲಿನ ತನಕ ಜನ ನಗುನಗುತ್ತಾ ಹೇಳಿದರು. ಕೊನೆಯ ಪ್ರಶ್ನೆಗೆ ನಗು ನಿಂತುಹೋಯಿತು. ನಾನು ನಾಲ್ಕನೆಯ ಮನೆ ದಾಟುವ ಹೊತ್ತಿಗೆ ಸುದ್ದಿ ನನಗಿಂತ ಮುಂದೆ ಓಡುತ್ತಿತ್ತು.

"ಅವ್ಳ ಮಾವ ಕಚೇರೀಲವ್ನೆ ಕಣ್ಲಾ. ಒಳಗಿನ್ ಸುದ್ದಿ ಇಲ್ದೆ ಆ ಮಗ ಯಾಕ್ ಕೇಳ್ತದೆ?"

"ಎತ್ತಿಗಿಷ್ಟು ಅಂತ ಕಂದಾಯ ಆಕ್ತಾರೆ, ನೋಡ್ಕ ಬೇಕಾರೆ."

ಮಧ್ಯಾಹ್ನಕ್ಕೆ ಊರಿನ ನೇಗಿಲುಗಳೆಲ್ಲ ಹುಲ್ಲಿನ ಮೆದೆಯೊಳಗೆ ಹೋಗಿದ್ದವು. ಎತ್ತುಗಳನ್ನು ಹೊಳೆ ದಾಟಿಸಿ ಆಚೆ ದಡದ ಕಾಡಂಚಿನ ದೊಡ್ಡಿಗೆ ಹೊಡೆದರು. ಆಗ ಹೊಳೆಯಲ್ಲಿ ಮೊಣಕಾಲುದ್ದ ನೀರು. ಇದು ಪಾಠ, ಬರೀ ಪಾಠ ಎಂದು ನಾನು ಕೂಗಿ ಹೇಳಿದೆ. "ನಿಂಗೆ ಅಂಗೇ ಯೋಳಿ ಕಳ್ಸಿರ್ತಾರೆ ಬುಡು" ಎಂದು ಅಪ್ಪ ನಮ್ಮ ಮನೆಯ ಜೋಡಿಯನ್ನೂ ಬಿಚ್ಚಿಕೊಂಡು ಹೋದರು.

ಅವತ್ತು ಕೊಡಗಿನ ಕಡೆ ಮಳೆ ಹಿಡಿಯಿತು. ಮಾರನೆಯ ಬೆಳಗ್ಗೆ ಹೊಳೆ ಕೆಂಪಾಗಿ, ದಡ ತುಂಬಿ ಹರಿಯುತ್ತಿತ್ತು. ಎತ್ತುಗಳೆಲ್ಲ ಆಚೆ, ಊರು ಈಚೆ. ಅದೇ ದಿನ ಹುಣಸೂರಿನಿಂದ ಮಾವ ಹೇಳಿಕಳಿಸಿದ ಮಾತೂ ಬಂತು: ಅಂಥ ಯಾವ ಅಪ್ಪಣೆಯೂ ಆಗಿಲ್ಲ. ಮನೆಮನೆಯಲ್ಲೂ ಬಿತ್ತನೆ ಭತ್ತ ನೆನೆಹಾಕಿ ಮೊಳಕೆ ಬಂದಿತ್ತು. ಮೊಳಕೆ ಬಂದ ಭತ್ತ ಹೊಳೆ ಇಳಿಯುವ ತನಕ ಕಾಯುವುದಿಲ್ಲ. ಗಂಡಸರು ದಡದಲ್ಲಿ ನಿಂತು ನೀರು ನೋಡುತ್ತಾ ಬೀಡಿ ಸೇದಿದರು. ಹೆಂಗಸರು ಗುದ್ದಲಿ ಹಿಡಿದು ಗದ್ದೆಗೆ ಇಳಿದು, ಮಂಡಿಯುದ್ದ ಕೆಸರಿನಲ್ಲಿ ಸಸಿ ಮಡಿ ಅಗೆಯತೊಡಗಿದರು. ಅಜ್ಜಿ ಎಲ್ಲರಿಗಿಂತ ಮುಂದೆ. ನನ್ನ ಕೈಗೂ ಒಂದು ಗುದ್ದಲಿ ಬಂತು.

"ಓದಿದ್ದು ಸಾಕು" ಎಂದಳು ಅಜ್ಜಿ, ಬಾಗಿದ ಬೆನ್ನು ಎತ್ತದೆ. "ನಾಕಕ್ಸರ ಕಲ್ತಿದ್ಕೇ ಊರೆತ್ತೆಲ್ಲ ಒಳೆ ಆಚ್ಗೋದೊ. ಇನ್ನೂ ಕಲ್ತ್ರೆ ಊರೇ ಓಯ್ತದೆ."  ಎದುರು ಹೇಳುವ ಮುಖ ಅಪ್ಪನಿಗೆ ಉಳಿದಿರಲಿಲ್ಲ. ನನ್ನ ಪುಸ್ತಕದ ಚೀಲ ಅಟ್ಟ ಸೇರಿತು. ಅದನ್ನು ನೋಡಿ ಅಳು ಬಂತು. ಕೆಸರು ಕೈಯಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಕೆಲವು ದಿನ ಕಳೆದು, ಮಳೆ ಸ್ವಲ್ಪ ಬಿಟ್ಟ ಒಂದು ಬೆಳಗ್ಗೆ, ಬೈಸಿಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಮೇಷ್ಟ್ರು ನಮ್ಮೂರಿಗೆ ಬಂದರು. ಕೆಸರಿನಲ್ಲಿ ಚಕ್ರ ತಿರುಗುವಂತಿರಲಿಲ್ಲ. ತರಗತಿಗೆ ನಾನು ಬಾರದ್ದನ್ನು ಕಂಡು ಮಾವನನ್ನು ವಿಚಾರಿಸಿ ಬಂದಿದ್ದರು. ಅಪ್ಪ ಅವರನ್ನು ಜಗಲಿಯ ಮೇಲೆ ಕೂರಿಸಿ ನಡೆದುದನ್ನೆಲ್ಲ ಹೇಳಿದರು. ಮೇಷ್ಟ್ರು ಮೊದಲು ನಕ್ಕುಬಿಟ್ಟರು. ತೊಡೆ ತಟ್ಟಿಕೊಂಡು, ಟೋಪಿಯ ಕುಚ್ಚು ಕುಣಿಯುವ ಹಾಗೆ ನಕ್ಕರು. "ಆ ಇಂಗ್ಲೆಂಡಿನ ಹಳ್ಳೀಲೂ ಹೀಗೇ ಆಗಿರುತ್ತೆ ಯಜಮಾನರೇ! ಅರ್ಧ ಎತ್ತು ಪೊದೇಲಿ ಇದ್ದಿರುತ್ತೆ, ಆ ಗುಮಾಸ್ತನಿಗೆ ಗೊತ್ತೇ ಆಗಿರಲ್ಲ!"

ಅಷ್ಟರಲ್ಲಿ ಅಜ್ಜಿ ಗದ್ದೆಯಿಂದ ಬಂದಳು. ಸೀರೆ ಮಂಡಿಯ ಮೇಲಿತ್ತು, ಅಂಗೈಗೆ ಬಟ್ಟೆ ಸುತ್ತಿತ್ತು, ಹಿಂದೆ ಕೇರಿಯ ಹೆಂಗಸರು ಗುದ್ದಲಿ ಹೊತ್ತು ಬರುತ್ತಿದ್ದರು. ಮೇಷ್ಟ್ರ ನಗು ನಿಂತಿತು. ಎದ್ದು ನಿಂತು ಕೈ ಮುಗಿದರು.

"ತಪ್ಪಾಯ್ತು ಅಮ್ಮಾ. ನಾನು ಹೇಳಿಕೊಟ್ಟಿದ್ದು ಎಂಟೊಂಬೈನೂರು ವರ್ಷದ ಹಿಂದಿನ ಪಾಠ. ಅದು ಇಲ್ಲೀತನಕ ಬಂದು ಎತ್ತು ಓಡಿಸುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ಮಗೂದು ಏನೂ ತಪ್ಪಿಲ್ಲ. ಅವಳನ್ನ ಶಾಲೆ ಬಿಡಿಸಬೇಡಿ."

ಅಜ್ಜಿ ಜಗಲಿಯ ತುದಿಯಲ್ಲಿ ಕೂತು ಕಾಲಿನ ಕೆಸರು ಕೆರೆಯುತ್ತಾ ಹೇಳಿದಳು: "ನಮ್ಮೂರ ನೇಗ್ಲು ಎಣಿಸ್ಕೊಂಡ್ರಿ, ಎತ್ತು ಎಣಿಸ್ಕೊಂಡ್ರಿ. ಈಗ ನಾ ಕೇಳ್ತೀನಿ, ನಿಮ್ಮನೇದು ಯೋಳಿ ನೋಡವಾ."

"ಕೇಳಿ ಅಮ್ಮಾ, ನ್ಯಾಯವೇ ಅದು. ಸುಳ್ಳು ಹೇಳಲ್ಲ, ಪ್ರಮಾಣ" ಎಂದು ಮೇಷ್ಟ್ರು ಕೂತು, ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದರು. ಸುತ್ತ ಊರಿನವರು ಸೇರಿದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ.

"ಮನೆ?"

"ಒಂದು. ನಾಡಹೆಂಚಿನದು." ಜಗಲಿಯ ಮೇಲೆ ಒಂದು ಬೀಜ ಇಟ್ಟರು.

"ನೇಗ್ಲು?"

"ಇಲ್ಲ."

"ಎತ್ತು?"

"ಇಲ್ಲಮ್ಮ."

"ಮತ್ತೇನ್ ಉಣ್ತೀರಯ್ಯಾ?" ಜನ ನಕ್ಕರು. ಮೇಷ್ಟ್ರೂ ನಕ್ಕರು. ಬೈಸಿಕಲ್ಲಿಗೆ ಒಂದು ಬೀಜ ಇಟ್ಟರು, ಮೇಕೆಗೆ ಒಂದು, ಗೋಡೆ ಗಡಿಯಾರಕ್ಕೆ ಒಂದು.

"ಮಕ್ಳು?"

"ಒಬ್ಬ ಮಗ." ಇನ್ನೊಂದು ಬೀಜ.

"ಅಷ್ಟೇಯಾ?"

"ಹೆಣ್ಣುಮಕ್ಕಳು ಇಬ್ಬರು" ಎಂದು ಮೇಷ್ಟ್ರು ಕೈಯನ್ನು ಜೇಬಿನಿಂದ ಹೊರಗೆ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು.

ಅಜ್ಜಿ ಬೀಜದ ಸಾಲನ್ನು ನೋಡಿದಳು. ಆಮೇಲೆ ಮೇಷ್ಟ್ರನ್ನು ನೋಡಿದಳು. "ಮೇಕೆಗೂ ಬೀಜ ಮಡಗಿದ್ರಿ. ಎಣ್ಣೈಕಳಿಗೆ ಎಲ್ಲಿ?"

ಮೇಷ್ಟ್ರು ತಲೆಯೆತ್ತಿ ನೇರವಾಗಿ ಬಾಗಿಲ ಮರೆಯಲ್ಲಿದ್ದ ನನ್ನನ್ನೇ ನೋಡಿದರು. ತರಗತಿಯಲ್ಲಿ ನಾನು ಕೇಳಿದ್ದು ಅವರಿಗೆ ಆಗ ನೆನಪಾಯಿತೆಂದು ಅವರ ಮುಖ ನೋಡಿಯೇ ನನಗೆ ತಿಳಿಯಿತು.

"ಅವ್ರು ಇಸ್ಕೂಲ್ಗೆ ಓಯ್ತವ್ರಾ?" ಅಜ್ಜಿ ಬಿಡಲಿಲ್ಲ.

"ಇಲ್ಲಮ್ಮಾ. ದೊಡ್ಡವಳು ಉರ್ದು ಶಾಲೇಲಿ ನಾಲ್ಕನೇ ಕ್ಲಾಸಿನ ತನಕ ಓದಿದ್ಲು. ಚೆನ್ನಾಗಿ ಓದ್ತಿದ್ಲು. ಆಮೇಲೆ ಮನೇಲೇ ಇದಾಳೆ."

"ಅಂಗಾರೆ ನಮ್ದೂ ಮನೇಲೇ ಇರ್ಲಿ ಬುಡಿ. ನಿಮ್ಮನೇಲಿ ನಡೀದಿರೋ ಮಾತ್ನ ನಮ್ಮನೇಲಿ ಯಾಕ್ ನಡೆಸೋಕ್ ಬಂದ್ರಿ?"

ಅಜ್ಜಿ ಇದನ್ನು ಕೇಳಿದ್ದು ಹೆಣ್ಣುಮಕ್ಕಳ ಉದ್ಧಾರಕ್ಕಲ್ಲ. ಅವಳಿಗೆ ಮೇಷ್ಟ್ರನ್ನು ಸೋಲಿಸಬೇಕಿತ್ತು, ಸೋಲಿಸಿಯೂ ಆಗಿತ್ತು. ಅಪ್ಪ ನಾಚಿಕೆಯಿಂದ "ಅವ್ವಾ" ಎಂದರು. ನನ್ನ ಓದು ಅಲ್ಲಿಗೆ ಮುಗಿಯಿತೆಂದು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಮೇಷ್ಟ್ರು ಟೋಪಿ ತೆಗೆದು ತಲೆ ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಜೇಬಿನಿಂದ ಎರಡು ಬೀಜ ತೆಗೆದು, ಮಗನ ಬೀಜದ ಪಕ್ಕದಲ್ಲಿ ಇಟ್ಟರು. "ದೊಡ್ಡವಳ ಹೆಸರು ಕುಲ್ಸುಂ" ಎಂದರು. "ಸೋಮವಾರ ಅವಳನ್ನ ನನ್ನ ಕ್ಲಾಸಿಗೇ ಕರ್ಕೊಂಡು ಬರ್ತೀನಿ. ನೀವೂ ಇವಳನ್ನ ಕಳಿಸಿ. ಅವಳು ಬರದೇ ಇದ್ರೆ ಇವಳು ಅವತ್ತೇ ವಾಪಸ್ ಬರಲಿ, ನಾನು ಮತ್ತೆ ಈ ಬಾಗಿಲಿಗೆ ಬರಲ್ಲ."

ಅಜ್ಜಿ ಆ ಎರಡು ಬೀಜಗಳನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಕೊನೆಗೆ ಒಳಗೆ ತಿರುಗಿ, "ಮೇಷ್ಟ್ರಿಗೆ ಆಲು ಕೊಡು ಕಣವ್ವಾ" ಎಂದು ನನಗೆ ಹೇಳಿದಳು. ಹೊರಗಿನವರಿಗೆಂದು ಜಗಲಿಯ ಗೂಡಿನಲ್ಲಿ ಬೇರೆ ಲೋಟವೊಂದು ಇರುತ್ತಿತ್ತು, ಅದರಲ್ಲೇ ಹಾಲು ಕೊಟ್ಟೆ. ಆ ಕಾಲ ಹಾಗಿತ್ತು, ಇಂದು ನೆನೆದರೆ ಮನಸ್ಸಿಗೆ ಚುಚ್ಚುತ್ತದೆ. ಮೇಷ್ಟ್ರು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, ಬೈಸಿಕಲ್ ಹೊತ್ತು ಹೊರಟರು.

ಸೋಮವಾರ ನಾನು ತರಗತಿಯಲ್ಲಿ ಕೂತಿದ್ದೆ. ಪ್ರಾರ್ಥನೆಯಲ್ಲಿ ಹೊಸ ಹುಡುಗಿ ಯಾರೂ ಕಾಣಲಿಲ್ಲ. ಮೊದಲ ಗಂಟೆ ಲೆಕ್ಕ; ಒಂದಂಕಿಯೂ ತಲೆಗೆ ಹೋಗಲಿಲ್ಲ. ಅಪ್ಪ ಮಾವನ ಮನೆಯಲ್ಲಿ ಕಾಯುತ್ತಿದ್ದರು, ಅಜ್ಜಿಯ ಕಟ್ಟಪ್ಪಣೆಯಂತೆ, ವಾಪಸ್ ಕರೆದೊಯ್ಯಬೇಕಾದರೆ ಇರಲಿ ಎಂದು ಹನಗೋಡಿನಿಂದ ಬಾಡಿಗೆಗೆ ಹಿಡಿದ ಗಾಡಿಯ ಸಮೇತ. ಎರಡನೆಯ ಗಂಟೆಗೆ ಹೊರಗೆ ಗಲಗಲ ಕೇಳಿಸಿತು. ಮೇಷ್ಟ್ರು ಒಳಗೆ ಬಂದರು. ಅವರ ಹಿಂದೆ ಒಂದು ಕರಿ ಕೊಡೆ ಒಳಗೆ ಬಂತು. ಕೊಡೆಯನ್ನು ಮುಖದ ಮುಂದೆ ಇಳಿಸಿ ಹಿಡಿದಿದ್ದರಿಂದ ಕೆಳಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ಅದು ನೇರ ಬಂದು ನನ್ನ ಬೆಂಚಿನಲ್ಲಿ ಕೂತಿತು. ಕೂತ ಮೇಲೂ ಮಡಚಲಿಲ್ಲ. ಹುಡುಗರು ಕಿಸಕ್ಕೆಂದರು. "ಹೊರಗೆ ಮಳೆ ಬರ್ತಿದೆ. ಅದರಲ್ಲಿ ನಗೋದು ಏನಿದೆ?" ಎಂದು ಮೇಷ್ಟ್ರು ಪಾಠ ಶುರು ಮಾಡಿದರು. ಪಾಠದ ಮಧ್ಯೆ ಕೊಡೆಯೊಳಗಿಂದ ಒಂದು ಕೈ ಬಂದು ನನ್ನ ಪುಸ್ತಕವನ್ನು ಸ್ವಲ್ಪ ತನ್ನ ಕಡೆ ಎಳೆದುಕೊಂಡಿತು.

ಆ ವಾರ ಅವರ ಮನೆಯಲ್ಲಿ ಏನೇನು ನಡೆಯಿತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಕುಲ್ಸುಂ ಹೇಳಿದಾಗ. ಮೇಷ್ಟ್ರ ತಾಯಿ ಅನ್ನ ಬಿಟ್ಟು ಕೂತಿದ್ದರಂತೆ. ಅಣ್ಣಂದಿರು ಎರಡು ರಂಜಾನ್ ಕಳೆಯುವ ತನಕ ಮನೆಗೆ ಬರಲಿಲ್ಲವಂತೆ. "ಅಬ್ಬಾ ಏನೂ ವಾದ ಮಾಡ್ಲಿಲ್ಲ. ಹನಗೋಡು ಕಡೆ ಒಬ್ಬ ಅಜ್ಜಿಗೆ ಮಾತು ಕೊಟ್ಟಿದೀನಿ ಅಂತ ಮಾತ್ರ ಹೇಳಿದ್ರು" ಎಂದಳು. ಆ ಅಜ್ಜಿಯಾದರೂ, ಹೊಳೆಯ ನೀರು ಇಳಿದು ಎತ್ತುಗಳು ಕಾಡಿನ ಹುಲ್ಲು ಮೇದು ಮೈ ತುಂಬಿಕೊಂಡು ಬಂದಾಗ, ಇದೆಲ್ಲ ತಾನೇ ಮಾಡಿಸಿದ್ದೆಂಬಂತೆ ಓಡಾಡಿದಳು. ಹುಣಸೂರು ಸಂತೆಗೆ ಬಂದಾಗಲೆಲ್ಲ, "ಆ ಸಾಬ್ರ ಮಗ್ಳು ಬತ್ತವ್ಳಾ ಇಲ್ವಾ?" ಎಂದು ವಿಚಾರಿಸದೆ ಹೋಗುತ್ತಿರಲಿಲ್ಲ. ಕುಲ್ಸುಂಳ ತಂಗಿಯೂ ನಮ್ಮ ಹಿಂದೆಯೇ ಬಂದಳು.

ಮುಂದಿನ ವರ್ಷ ಕೆಳಗಿನ ತರಗತಿಗೆ ಮೇಷ್ಟ್ರು ಅದೇ ಇಂಗ್ಲೆಂಡಿನ ಹಳ್ಳಿಯ ಪಾಠ ಮಾಡುವುದನ್ನು ನಾನು ಕಿಟಕಿಯಿಂದ ನೋಡಿದೆ. ಒಕ್ಕಲುಗಳು, ಪಾದ್ರಿ, ಗುಲಾಮರು, ಎಂಟೆಂಟು ಎತ್ತು, ಎಲ್ಲ ಇಟ್ಟಾದ ಮೇಲೆ ಜೇಬಿಗೆ ಮತ್ತೆ ಕೈ ಹಾಕಿ, ಪ್ರತಿ ಮನೆಯ ಪಕ್ಕದಲ್ಲೂ ಇನ್ನಷ್ಟು ಬೀಜ ಇಟ್ಟರು. "ಇವರನ್ನ ಗುಮಾಸ್ತ ಬರೆದಿಲ್ಲ. ಆದರೆ ಇವರು ಇದ್ದರು. ನಾವು ಇಡೋಣ" ಎಂದರು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾನು ಕೆ.ಆರ್. ನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದೆ. ಕುಲ್ಸುಂ ಪಿರಿಯಾಪಟ್ಟಣದ ಉರ್ದು ಶಾಲೆಯಲ್ಲಿದ್ದಳು. ಮೇಷ್ಟ್ರು ಹೋದ ಸುದ್ದಿ ನನಗೆ ತಡವಾಗಿ ಬಂತು. ರೈಲಿನಲ್ಲಿ ಮೈಸೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಅದು ಬಿಳಿಕೆರೆಯಲ್ಲಿ ಕೆಟ್ಟು ನಿಂತು, ನಾನು ಹುಣಸೂರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮೂರನೆಯ ದಿನ. ಮನೆಯಲ್ಲಿ ಜಿಯಾರತ್, ಅಂದರೆ ಹೋದವರಿಗಾಗಿ ಮೂರನೆಯ ದಿನ ಮಾಡುವ ಪ್ರಾರ್ಥನೆ, ನಡೆಯುತ್ತಿತ್ತು. ಒಳಮನೆಯಲ್ಲಿ ಬಿಳಿ ಬಟ್ಟೆ ಹಾಸಿ, ಅದರ ನಡುವೆ ಹುಣಸೆಬೀಜದ ದೊಡ್ಡ ರಾಶಿ ಹಾಕಿದ್ದರು. ಸುತ್ತ ಕೂತ ಹೆಂಗಸರು ತಗ್ಗಿದ ದನಿಯಲ್ಲಿ ಪ್ರಾರ್ಥನೆ ಹೇಳುತ್ತಾ, ಒಂದು ಸಲ ಹೇಳಿದ್ದಕ್ಕೆ ಒಂದು ಬೀಜ ಎತ್ತಿ ಪಕ್ಕಕ್ಕೆ ಇಡುತ್ತಿದ್ದರು. ಹೋದವರ ಹೆಸರಿನಲ್ಲಿ ಎಷ್ಟು ಸಲ ಓದಿದರೆಂಬುದಕ್ಕೆ ಅದೇ ಲೆಕ್ಕವಂತೆ. ಅವರ ಪದ್ಧತಿಯಲ್ಲಿ ಬೀಜ ಹೀಗೂ ಬಳಕೆಯಾಗುತ್ತದೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಆದರೆ ಆ ಬೀಜಗಳು ಯಾವುವೆಂದು ಕಂಡೊಡನೆ ತಿಳಿಯಿತು. ವರ್ಷಾನುಗಟ್ಟಲೆ ಜೇಬಿನಲ್ಲಿ ಉಜ್ಜಿ ಉಜ್ಜಿ ನುಣ್ಣಗಾಗಿದ್ದವು.

ಕುಲ್ಸುಂ ಸರಿದು ನನಗೆ ಜಾಗ ಕೊಟ್ಟು, ಒಂದು ಹಿಡಿ ಬೀಜ ನನ್ನ ಮುಂದೆ ಹಾಕಿದಳು.

"ನಂಗೆ ನಿಮ್ಮ ಪ್ರಾರ್ಥನೆ ಬರಲ್ವಲ್ಲೇ" ಎಂದೆ.

"ನಿಂಗೆ ಬರೋದನ್ನ ಹೇಳು."

ನಾನು ಒಂದು ಬೀಜ ಎತ್ತಿಕೊಂಡೆ. ನನ್ನ ಶಾಲೆಯ ಮೊದಲ ಸಾಲಿನ ಮೊದಲ ಹುಡುಗಿಯ ಹೆಸರನ್ನು ಮೆಲುದನಿಯಲ್ಲಿ ಹೇಳಿ ಅದನ್ನು ಪಕ್ಕಕ್ಕೆ ಇಟ್ಟೆ. ಅವಳ ಪಕ್ಕದಲ್ಲಿ ಕೂರುವವಳ ಹೆಸರು, ಇನ್ನೊಂದು ಬೀಜ. ಹೀಗೆ ಸಾಲು ಸಾಲಾಗಿ, ತರಗತಿ ತರಗತಿಯಾಗಿ ಹೇಳುತ್ತಾ ಹೋದೆ. ನನ್ನ ಮುಂದಿನ ಬೀಜ ಮುಗಿಯಿತು. ನಾನು ಖಾಲಿ ಬಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತದ್ದನ್ನು ಕುಲ್ಸುಂ ನೋಡಿದಳು.

"ಇನ್ನೂ ಇದಾರಾ?" ಎಂದು ಮೆಲ್ಲಗೆ ಕೇಳಿದಳು.

ಇದಾರೆ ಎಂದು ತಲೆಯಾಡಿಸಿದೆ. ಅವಳು ತನ್ನ ಪಾಲಿನಿಂದ ಒಂದು ಹಿಡಿ ನನ್ನ ಕಡೆ ತಳ್ಳಿದಳು.